ವಸತಿವಾಹನದ ಒಳವಿನ್ಯಾಸ ಮತ್ತು ಶಯನವ್ಯವಸ್ಥೆ: ಮಂಗಳೂರಿನ ಪರಿಸರದಲ್ಲಿ ಆಯ್ಕೆಯ ವಿಚಾರ

ಒಳಗೆ ಮಲಗುವುದಕ್ಕೂ ಕುಳಿತು ಉಣ್ಣುವುದಕ್ಕೂ ಅಡುಗೆ ಮಾಡುವುದಕ್ಕೂ ಸಾಮಾನುಗಳನ್ನು ಇರಿಸುವುದಕ್ಕೂ ಸ್ಥಿರವಾದ ಏರ್ಪಾಡುಗಳನ್ನುಳ್ಳ, ಎಂಜಿನ್ನಿನ ಬಲದಿಂದ ತಾನೇ ಚಲಿಸತಕ್ಕ ಅಥವಾ ಇನ್ನೊಂದು ವಾಹನದ ಹಿಂದೆ ಕಟ್ಟಿ ಎಳೆಯತಕ್ಕ ವಾಹನವೇ ವಸತಿವಾಹನ. ಜನಬಳಕೆಯಲ್ಲಿ ಕ್ಯಾರವಾನ್ ಎಂಬ ಹೆಸರೇ ರೂಢವಾಗಿದೆ. ಎಳೆಯುವ ಬಗೆ ಪಾಶ್ಚಾತ್ಯ ದೇಶಗಳಲ್ಲಿ ಸರ್ವಸಾಮಾನ್ಯವಾದರೂ ನಮ್ಮಲ್ಲಿ ಬಲು ವಿರಳ. ನಮ್ಮ ಘಟ್ಟದ ತಿರುವುಗಳನ್ನೂ ಪೇಟೆಯ ಓಣಿಗಳನ್ನೂ ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಈ ಲೇಖನದಲ್ಲಿ ಟೆಂಪೋ ಟ್ರಾವೆಲರ್ ಮೊದಲಾದ ಎತ್ತರದ ಮಾಡಿನ ವ್ಯಾನುಗಳನ್ನೂ ಸಣ್ಣ ಬಸ್ಸುಗಳನ್ನೂ ಒಳಗಿನಿಂದ ಪರಿವರ್ತಿಸಿ ಸಿದ್ಧಗೊಳಿಸಿದ ಚಲಿಸುವ ಬಗೆಯನ್ನೇ ಮುಖ್ಯವಾಗಿ ಲಕ್ಷಿಸಲಾಗಿದೆ. ಇತ್ತೀಚಿನವರೆಗೂ ಕರ್ನಾಟಕದ ಜನಸಾಮಾನ್ಯರು ಕ್ಯಾರವಾನನ್ನು ಕಂಡಿದ್ದುದು ಚಿತ್ರೀಕರಣದ ಸ್ಥಳದಲ್ಲಿ, ತಾರೆಯರು ಬಣ್ಣ ಹಚ್ಚಿಕೊಂಡು ವಿಶ್ರಮಿಸುವ ಕೋಣೆಯಾಗಿ ಮಾತ್ರ. 2021ರಲ್ಲಿ ನೆರೆಯ ಕೇರಳ ಸರಕಾರವು ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನು ಪ್ರಕಟಿಸಿದ ಮೇಲೆ, ತಲಪಾಡಿಯ ಗಡಿಗೆ ಹೊಂದಿಕೊಂಡಿರುವ ಮಂಗಳೂರಿನಲ್ಲಿಯೂ ಇದು ಗೃಹಸ್ಥರ ಮಾತುಕತೆಗೆ ಬಂದ ವಿಷಯವಾಯಿತು.

ವಾಹನದ ಎಂಜಿನ್ನು, ಬೆಲೆ, ಬಣ್ಣ ಇವುಗಳ ವಿಚಾರ ಬೇರೆ. ಒಳವಿನ್ಯಾಸದ ವಿಚಾರವಾದರೋ ಒಂದೇ ನೆಲದ ಮೇಲೆ ಹಗಲೂ ರಾತ್ರಿಯೂ ತಮ್ಮ ತಮ್ಮ ಹಕ್ಕನ್ನು ಸಾಧಿಸುವುದರಿಂದ ಹುಟ್ಟಿಕೊಂಡ ವ್ಯಾಜ್ಯದ ತೀರ್ಮಾನವೇ ಆಗಿರುತ್ತದೆ. ಹಗಲಿಗೆ ಕುಳಿತುಕೊಳ್ಳಲು ಜಾಗ ಬೇಕು, ರಾತ್ರಿಗೆ ಕೈಕಾಲು ಚಾಚಲು ಜಾಗ ಬೇಕು. ಎರಡನ್ನೂ ಪೂರ್ಣವಾಗಿ ಕೊಡುವಷ್ಟು ಉದ್ದ ಯಾವ ವಾಹನಕ್ಕೂ ಇಲ್ಲ. ಈ ತೀರ್ಮಾನ ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ ಆಗತಕ್ಕದ್ದಲ್ಲವೆಂದೂ, ಕರಾವಳಿಯ ಮಳೆ, ಬೆವರು, ಸೊಳ್ಳೆಗಳ ನಡುವೆ ಅದು ರಾತ್ರಿಯ ಪಕ್ಷಕ್ಕೇ ವಾಲಬೇಕೆಂದೂ ಮುಂದೆ ಪ್ರತಿಪಾದಿಸಲಾಗುವುದು.

ಪೂರ್ವರೂಪಗಳು

ವಿಹಾರಕ್ಕಾಗಿಯೇ ನಿರ್ಮಿತವಾದ ಮೊದಲ ವಸತಿವಾಹನವೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವುದು 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯನಿಗಾಗಿ ಸಿದ್ಧವಾದ ‘ವಾಂಡರರ್’ ಎಂಬ ಕುದುರೆಗಾಡಿ. ಸುಮಾರು ಎರಡು ಟನ್ನು ತೂಕದ ಆ ಗಾಡಿಯನ್ನು ಎರಡು ಕುದುರೆಗಳು ಎಳೆಯುತ್ತಿದ್ದವು. ಹಡಗಿನ ಇಕ್ಕಟ್ಟಾದ ಕೋಣೆಯಲ್ಲಿ ಬಾಳಿದವನೇ ಇಂತಹ ಗಾಡಿಯನ್ನು ಕಲ್ಪಿಸಿದ್ದು ಆಕಸ್ಮಿಕವಲ್ಲ. ನೆಲದ ಮೇಲಿನ ಮನೆಯನ್ನು ಚಿಕ್ಕದಾಗಿಸಿದರೆ ವಸತಿವಾಹನವಾಗುವುದಿಲ್ಲ, ನೀರಿನ ಮೇಲಿನ ಕೋಣೆಯನ್ನು ಚಕ್ರಗಳ ಮೇಲೆ ತಂದರೆ ಆಗುತ್ತದೆ.

ಈ ಮಾತಿನ ನಿಜಾಂಶವನ್ನು ಅರಿಯಲು ಮಂಗಳೂರಿನವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಬಂದರಿನ ದಕ್ಕೆಗೆ ಹೋದರೆ ಸಾಕು. ಆಳಸಮುದ್ರದ ಮೀನುಗಾರಿಕೆಗೆ ಹೊರಡುವ ಟ್ರಾಲ್ ಬೋಟುಗಳಲ್ಲಿ ವಾರವನ್ನು ಮೀರಿ ದಿನಗಳನ್ನು ಕಳೆಯುವ ಆಳುಗಳು ಅಡುಗೆಯನ್ನೂ ಊಟವನ್ನೂ ನಿದ್ರೆಯನ್ನೂ ಕೆಲವೇ ಮಾರು ಉದ್ದದ ಜಾಗದಲ್ಲಿ ಪೂರೈಸಿಕೊಳ್ಳುತ್ತಾರೆ. ಅಲ್ಲಿ ಮಲಗುವ ಹಲಗೆ ಹಲಗೆಯಾಗಿಯೇ ಇರುತ್ತದೆ. ಬೆಳಗಾದೊಡನೆ ಅದನ್ನು ಮೇಜಾಗಿಸುವ, ಮೇಜನ್ನು ಬೆಂಚಾಗಿಸುವ ಚಮತ್ಕಾರಗಳಿಗೆ ಯಾರಿಗೂ ಪುರುಸೊತ್ತಿಲ್ಲ. ಸರದಿಯ ಮೇಲೆ ದುಡಿಯುವವರಲ್ಲಿ ಒಬ್ಬನಿಗೆ ಹಗಲಾದಾಗ ಇನ್ನೊಬ್ಬನಿಗೆ ರಾತ್ರಿಯಾಗಿರುವುದೇ ಇದಕ್ಕೆ ಕಾರಣ.

ಯಕ್ಷಗಾನದ ಮೇಳಗಳದ್ದು ಇನ್ನೊಂದು ಪರಂಪರೆ. ದೀಪಾವಳಿಯ ತರುವಾಯ ಹೊರಟು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ಊರಿಂದೂರಿಗೆ ತಿರುಗಾಟ ಮಾಡುವ ಮೇಳವು ವರ್ಷದ ಅರ್ಧಭಾಗವನ್ನು ದಾರಿಯ ಮೇಲೆಯೇ ಕಳೆಯುತ್ತದೆ. ಹಿಂದೆ ವೇಷದ ಪೆಟ್ಟಿಗೆಗಳು ಹೊರೆಯಾಳುಗಳ ತಲೆಯ ಮೇಲೆ ಹೋಗುತ್ತಿದ್ದು ಕಲಾವಿದರು ಕಾಲ್ನಡಿಗೆಯಲ್ಲಿ ಹಿಂಬಾಲಿಸುತ್ತಿದ್ದ ಕಾಲವಿತ್ತು. ಅನಂತರ ಗಾಡಿಗಳೂ ಲಾರಿಗಳೂ ಬಸ್ಸುಗಳೂ ಬಂದವು. ರಾತ್ರಿಯೆಲ್ಲ ಕುಣಿದವನು ಹಗಲು ಮಲಗತಕ್ಕವನು. ಅವನಿಗೆ ಬೇಕಾದದ್ದು ಬೆಳಕಿಲ್ಲದ ಮೂಲೆ. ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ಯಾರ ಪೆಟ್ಟಿಗೆ ಯಾವ ಸ್ಥಾನದಲ್ಲಿರಬೇಕೆಂಬುದಕ್ಕೆ ಕಟ್ಟುನಿಟ್ಟಾದ ಕ್ರಮವುಂಟು. ಆ ಕ್ರಮವಿರುವುದರಿಂದಲೇ ದಿನಕ್ಕೊಂದು ಬಯಲಿನಲ್ಲಿ, ಅರೆಬೆಳಕಿನಲ್ಲಿ, ಯಾರೂ ಯಾವುದನ್ನೂ ಹುಡುಕಬೇಕಾಗುವುದಿಲ್ಲ. ವಸತಿವಾಹನದಲ್ಲಿ ಕಪಾಟು ಎಷ್ಟಿದೆಯೆಂದು ಎಣಿಸುವವರು ಬಹಳ. ಪ್ರತಿಯೊಬ್ಬನ ಸಾಮಾನು ಅವನು ಮಲಗುವ ಸ್ಥಳದಿಂದ ಕೈಗೆಟಕುವಂತಿದೆಯೇ ಎಂದು ನೋಡುವವರು ವಿರಳ. ಚೌಕಿಯನ್ನು ಕಂಡವರು ಈ ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳುವರೆಂದು ಆಶಿಸಬಹುದು.

ವಿನ್ಯಾಸದ ಬಗೆಗಳು

ಮಂಚವನ್ನು ಸ್ಥಿರವಾಗಿ ಇಟ್ಟುಕೊಳ್ಳುವುದು, ಇಲ್ಲವೆ ಹಗಲಿನ ಆಸನಗಳನ್ನೇ ರಾತ್ರಿ ಮಂಚವಾಗಿ ಮಾರ್ಪಡಿಸಿಕೊಳ್ಳುವುದು: ಸಮಸ್ತ ವಿನ್ಯಾಸಗಳೂ ಈ ಎರಡು ಮೂಲಗಳಿಂದ ಕವಲೊಡೆದಿವೆ. ಮಾರ್ಪಡುವ ಬಗೆಯಲ್ಲಿ ಎದುರುಬದುರಾದ ಎರಡು ಬೆಂಚುಗಳ ನಡುವಣ ಮೇಜನ್ನು ತಗ್ಗಿಸಿ, ಬೆನ್ನಿನ ದಿಂಬುಗಳನ್ನು ಅದರ ಮೇಲೆ ಹರಡಿ ಹಾಸಿಗೆ ಮಾಡುವುದು ಅತ್ಯಂತ ಪ್ರಚಲಿತ. ಹಿಂಗೋಡೆಯ ಸುತ್ತ ಮೂರು ಕಡೆ ಬೆಂಚು ಹಾಕಿ ನಡುವಣ ತೆರವಿಗೆ ಹಲಗೆ ಎಳೆದು ಅಗಲವಾದ ಶಯ್ಯೆ ಮಾಡುವ ಕ್ರಮವೂ ಉಂಟು. ಸ್ಥಿರವಾದ ಬಗೆಯಲ್ಲಿ ಹಿಂಬದಿಯಲ್ಲಿ ಅಡ್ಡಲಾಗಿ ಹಾಸಿದ ಜೋಡಿಮಂಚ, ನಡುವೆ ಓಣಿ ಬಿಟ್ಟು ಎರಡು ಗೋಡೆಗಳಿಗೂ ಒಂದೊಂದರಂತೆ ಉದ್ದಕ್ಕೆ ಹಾಸಿದ ಒಂಟಿಮಂಚಗಳು, ಮೂರು ಕಡೆಯಿಂದಲೂ ಇಳಿಯಬಹುದಾದ ದ್ವೀಪಮಂಚ, ಮಕ್ಕಳಿಗಾಗಿ ಒಂದರ ಮೇಲೊಂದು ಅಟ್ಟಣೆ, ಚಾಲಕನ ನೆತ್ತಿಯ ಮೇಲೆ ಮುಂಚಾಚಿದ ಗೂಡು ಇವು ಮುಖ್ಯವಾದವು. ಮಾಡಿನಿಂದ ಕೆಳಗಿಳಿದು ಬರುವ ಯಾಂತ್ರಿಕ ಮಂಚ ಇವೆರಡರ ನಡುವಿನದು. ಅದು ಕೆಟ್ಟುನಿಂತಾಗ ಯಾವ ಕಡೆಗೂ ಸೇರದ್ದು.

ಅಂಕಿಗಳಿಂದ ಒಂದು ಉದಾಹರಣೆಯನ್ನು ನೋಡಬಹುದು. ಚಾಲಕನ ಹಿಂದೆ ನಾಲ್ಕು ಮೀಟರು ಉದ್ದದ ಕೋಣೆ ದೊರೆಯುವ, ಹೊರ ಅಗಲ ಎರಡು ಮೀಟರಿಗಿಂತ ತುಸು ಹೆಚ್ಚಿರುವ ವ್ಯಾನೊಂದನ್ನು ಊಹಿಸಿಕೊಂಡರೆ, ತಗಡಿನ ಬಾಗು, ಶಾಖ ತಡೆಯುವ ಪದರ, ಒಳಹಲಗೆ ಇವುಗಳನ್ನು ಕಳೆದು ಒಳ ಅಗಲ ಸುಮಾರು 1.8 ಮೀಟರು ಉಳಿಯುತ್ತದೆ. ಸುಖವಾಗಿ ಮಲಗಲು ದೇಹದ ಎತ್ತರಕ್ಕಿಂತ ಹತ್ತು ಸೆಂಟಿಮೀಟರಾದರೂ ಹೆಚ್ಚು ಉದ್ದ ಬೇಕೆಂದಿಟ್ಟುಕೊಂಡರೆ, 5 ಅಡಿ 8 ಅಂಗುಲದ, ಎಂದರೆ 173 ಸೆಂಟಿಮೀಟರಿನ ಮನುಷ್ಯನಿಗೆ ಅಡ್ಡಮಂಚ ಸಾಲದೆ ಹೋಗುತ್ತದೆ. ಅವನ ನೆತ್ತಿಯೋ ಅಂಗಾಲೋ ರಾತ್ರಿಯಿಡೀ ಗೋಡೆಯನ್ನು ಮುಟ್ಟಿಕೊಂಡಿರುತ್ತದೆ. ಅದೇ ಅಗಲದಲ್ಲಿ 65 ಸೆಂಟಿಮೀಟರಿನ ಎರಡು ಒಂಟಿಮಂಚಗಳನ್ನು ಉದ್ದಕ್ಕೆ ಹಾಕಿದರೆ ನಡುವೆ ಅರ್ಧ ಮೀಟರು ಓಣಿ ಉಳಿಯುತ್ತದೆ. ಆದರೆ ಅಡ್ಡಮಂಚ ವಾಹನದ ಉದ್ದದಲ್ಲಿ ಒಂದೂಕಾಲು ಮೀಟರನ್ನಷ್ಟೇ ತಿಂದರೆ ಉದ್ದಮಂಚಗಳು 1.9 ಮೀಟರನ್ನು ನುಂಗುತ್ತವೆ. ಮಾರಾಟಗಾರರು ಅಡ್ಡಮಂಚವನ್ನು ಮೆಚ್ಚುವುದಕ್ಕೆ ಈ ಉಳಿತಾಯವೇ ಕಾರಣ. ಗಿರಾಕಿಯ ಎತ್ತರವನ್ನು ಅವರು ಕೇಳುವುದು ಕಡಿಮೆ. ಚಪ್ಪಲಿ ಕಳಚಿ ಹತ್ತಿ, ಪೂರ್ಣವಾಗಿ ಮಲಗಿ, ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿ ನೋಡದೆ ಮುಂಗಡ ಕೊಡುವುದು ಬೇಡ.

ರಾತ್ರಿಯ ಬಸ್ಸು, ರೈಲುಗಳೆಂಬ ಪರೀಕ್ಷಾಲಯ

ತನಗೆ ಯಾವ ಬಗೆಯ ಶಯ್ಯೆ ಒಗ್ಗುವುದೆಂಬುದನ್ನು ಅರಿಯಲು ಮಂಗಳೂರಿನ ನಿವಾಸಿಗೆ ಅನ್ಯರಿಗಿಲ್ಲದ ಒಂದು ಅನುಕೂಲವಿದೆ. ಬೆಂಗಳೂರಿಗೂ ಮುಂಬಯಿಗೂ ರಾತ್ರಿಯ ಪ್ರಯಾಣ ಮಾಡುವುದು ಈ ಊರಿನ ನಿತ್ಯಜೀವನದ ಭಾಗವೇ ಆಗಿಹೋಗಿದೆ. 1907ರಲ್ಲಿ ದಕ್ಷಿಣದ ಕಡೆಯಿಂದ ಬಂದ ರೈಲು, 1979ರಲ್ಲಿ ಹಾಸನದಿಂದ ಘಟ್ಟವಿಳಿದು ಬಂದ ಮೀಟರ್ ಗೇಜ್ ಹಳಿ, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ, ಬ್ರಾಡ್ ಗೇಜ್ ಪರಿವರ್ತನೆಗಾಗಿ ದಶಕವನ್ನೂ ಮೀರಿ ನಿಂತುಹೋಗಿ 2007ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾದ ಬೆಂಗಳೂರಿನ ರೈಲು, ಇವೆಲ್ಲ ಸೇರಿ ಇಲ್ಲಿಯ ಜನರನ್ನು ಚಲಿಸುತ್ತ ಮಲಗುವ ವಿದ್ಯೆಯಲ್ಲಿ ಪಳಗಿಸಿವೆ. ಬೆಂಗಳೂರಿಗೆ ರೈಲಿಲ್ಲದಿದ್ದ ಆ ದೀರ್ಘಾವಧಿಯಲ್ಲಿ ರಾತ್ರಿಯ ಬಸ್ಸುಗಳು ಈ ನಗರದಲ್ಲಿ ಬೇರೂರಿದವು. ಇಂದು ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಬಿಜೈ ನಿಲ್ದಾಣದಿಂದ ಹೊರಡುತ್ತವೆ. ಖಾಸಗಿಯವು ಪೇಟೆಯ ನಾನಾ ವೃತ್ತಗಳಿಂದ. ನಿಗಮವು 2023ರ ಫೆಬ್ರವರಿಯಲ್ಲಿ ‘ಅಂಬಾರಿ ಉತ್ಸವ’ ಎಂಬ 40 ಶಯನಸ್ಥಾನಗಳ ಹವಾನಿಯಂತ್ರಿತ ವೋಲ್ವೋಗಳನ್ನೂ, ಅದೇ ವರ್ಷದ ಅಕ್ಟೋಬರಿನಲ್ಲಿ ‘ಪಲ್ಲಕ್ಕಿ’ ಎಂಬ ಹವಾನಿಯಂತ್ರಣವಿಲ್ಲದ ಶಯನ ಬಸ್ಸುಗಳನ್ನೂ ಬಳಕೆಗೆ ತಂದಿತು.

ಈ ಬಸ್ಸುಗಳಲ್ಲಿ ಓಣಿಯ ಒಂದು ಪಕ್ಕಕ್ಕೆ ಜೋಡಿ, ಇನ್ನೊಂದು ಪಕ್ಕಕ್ಕೆ ಒಂಟಿ, ಹೀಗೆ ಎರಡು ಅಂತಸ್ತುಗಳಲ್ಲಿ ಮಂಚಗಳಿರುತ್ತವೆ. ಎಲ್ಲವೂ ಬಸ್ಸಿನ ಉದ್ದಕ್ಕೇ. ರೈಲಿನ ಸ್ಲೀಪರ್ ಬೋಗಿಯಲ್ಲಾದರೋ ಎರಡು ದಿಕ್ಕುಗಳೂ ಒಂದೇ ಕಡೆ ದೊರೆಯುತ್ತವೆ. 72 ಮಲಗುಸ್ಥಾನಗಳ ಹಳೆಯ ಮಾದರಿಯ ಬೋಗಿಯನ್ನು ಎಂಟೆಂಟರ ಒಂಬತ್ತು ಗುಂಪುಗಳಾಗಿ ವಿಭಾಗಿಸಿದೆ. ಪ್ರತಿ ಗುಂಪಿನಲ್ಲಿ ಮೊದಲ ಆರು ಹಳಿಗೆ ಅಡ್ಡಲಾಗಿಯೂ, ಏಳು ಮತ್ತು ಎಂಟನೆಯವು ಕಿಟಕಿಯ ಪಕ್ಕದಲ್ಲಿ ಹಳಿಗೆ ಸಮಾನಾಂತರವಾಗಿಯೂ ಇವೆ. ಒಂದು ಮತ್ತು ನಾಲ್ಕು ಕೆಳಗಿನವು, ಎರಡು ಮತ್ತು ಐದು ನಡುವಿನವು, ಮೂರು ಮತ್ತು ಆರು ಮೇಲಿನವು. ನಡುವಿನ ಹಲಗೆ ಹಗಲು ಮಡಚಿ ಬೆನ್ನಿಗೆ ಆಧಾರವಾಗುವಂತಹುದು, ಪಕ್ಕದ ಕೆಳಗಿನದು ಎರಡು ಆಸನಗಳನ್ನು ಜೋಡಿಸಿ ಮಾಡಿದ್ದು, ಮೇಲಿನದು ಹಗಲೂ ರಾತ್ರಿಯೂ ಸ್ಥಿರ. ವಸತಿವಾಹನದಲ್ಲಿ ಬರಬಹುದಾದ ಸಮಸ್ತ ಬಗೆಗಳ ನಮೂನೆ ಹೀಗೆ ಒಂದೇ ಚೀಟಿಯ ಬೆಲೆಗೆ ದೊರೆಯುತ್ತದೆ. ನಡುವಿನ ಹಲಗೆಯನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಬಿಡಿಸಬಹುದೆಂದು ರೈಲ್ವೆಯವರು 2017ರಲ್ಲಿ ನಿಗದಿಪಡಿಸಬೇಕಾಗಿ ಬಂದುದು, ಹಗಲು ಕುಳಿತವನಿಗೂ ರಾತ್ರಿ ಮಲಗುವವನಿಗೂ ಇರುವ ವ್ಯಾಜ್ಯಕ್ಕೆ ಸರಕಾರವೇ ಬರೆದ ತೀರ್ಪು. ಪಕ್ಕದ ಸಾಲಿನಲ್ಲಿಯೂ ನಡುವಣ ಹಲಗೆಯೊಂದನ್ನು ತುರುಕಿಸಿ ನೋಡಿದ ಪ್ರಯೋಗ ಜನರ ಆಕ್ಷೇಪಕ್ಕೆ ಗುರಿಯಾಗಿ 2009ರಲ್ಲಿ ಕೈಬಿಡಲ್ಪಟ್ಟಿತು. ತಲೆ ಎತ್ತಿ ಕುಳಿತುಕೊಳ್ಳಲಾಗದ ಮಂಚವನ್ನು ಮನುಷ್ಯ ಸಹಿಸಲಾರನೆಂಬುದಕ್ಕೆ ಅಷ್ಟು ದೊಡ್ಡ ಪ್ರಮಾಣದ ನಿದರ್ಶನ ಬೇರೆಲ್ಲಿಯೂ ದೊರೆಯದು.

ಪ್ರಯಾಣಿಕನು ಚೀಟಿ ಕಾದಿರಿಸುವಾಗ ಸ್ವಭಾವತಃ ಯಾವ ಸ್ಥಾನವನ್ನು ಕೇಳುತ್ತಾನೋ ಅದರಲ್ಲಿಯೇ ಅವನಿಗೆ ಒಪ್ಪುವ ಒಳವಿನ್ಯಾಸ ಅಡಗಿದೆ. ಬಸ್ಸಿನಲ್ಲಿ ಸದಾ ಒಂಟಿ ಸಾಲಿನ ಕೆಳಮಂಚವನ್ನೇ ಆರಿಸುವವನು ಮದುವೆಯಾಗಿ ಎಷ್ಟು ವರ್ಷಗಳಾಗಿದ್ದರೂ ವಾಹನದಲ್ಲಿ ಜೋಡಿಮಂಚವನ್ನು ಹಾಕಿಸಬಾರದು. ರಾತ್ರಿ ಏಳುವ ಅಭ್ಯಾಸವುಳ್ಳವನು ಇನ್ನೊಬ್ಬರನ್ನು ದಾಟಿ ಇಳಿಯಬೇಕಾದ ಒಳಬದಿಯನ್ನು ಒಂದು ವಾರವೂ ತಾಳಿಕೊಳ್ಳಲಾರ. ಮೇಲಿನ ಹಲಗೆಯನ್ನು ಕೇಳಿ ಪಡೆದು, ಹತ್ತಿದೊಡನೆ ಲೋಕವನ್ನು ಮರೆಯುವವರಿಗೆ ಚಾಲಕನ ನೆತ್ತಿಯ ಮೇಲಣ ಗೂಡು ಹಿತವಾದೀತು. ಪಕ್ಕದ ಕೆಳಗಿನ ಸ್ಥಾನದಲ್ಲಿ ಎರಡು ಆಸನಗಳ ಸಂದಿಯ ಏರುತಗ್ಗು ಬೆನ್ನಿಗೆ ತಾಗಿ ನಿದ್ದೆಗೆಟ್ಟವರು ಬೆಂಚಿನಿಂದ ಮಂಚವಾಗುವ ಯಾವ ವಿನ್ಯಾಸವನ್ನೂ ತಿರುಗಿ ನೋಡಬೇಕಾಗಿಲ್ಲ, ಏಕೆಂದರೆ ಅಲ್ಲಿಯೂ ದಿಂಬುಗಳ ಸಂದಿಗಳು ನಡುವಿನ ಭಾಗಕ್ಕೇ ಬರುತ್ತವೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳ ಮೂಲಕ ಮೆಲ್ಲಗೆ ಇಳಿಯುವ ರೈಲಿನಲ್ಲಿ ದೇಹ ಹೆಚ್ಚು ಅಲುಗಾಡದು; ಶಿರಾಡಿ ಘಟ್ಟದ ತಿರುವುಗಳಲ್ಲಿ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಮಲಗಿದವನು ಮಾತ್ರ ಕಿಟಕಿಗೂ ಓಣಿಗೂ ನಡುವೆ ಹೊರಳುತ್ತ, ಕಂಬಿಯನ್ನು ಹಿಡಿದುಕೊಂಡೇ ನಿದ್ರಿಸಬೇಕಾಗುತ್ತದೆ. ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಬಸ್ಸು, ರೈಲುಗಳಲ್ಲಿ ಮಲಗುವುದು ಚಲಿಸುತ್ತಿರುವಾಗ. ವಸತಿವಾಹನದಲ್ಲಿ ಮಲಗತಕ್ಕದ್ದು ನಿಲ್ಲಿಸಿದ ಮೇಲೆಯೇ. ಮಂಚವಿದೆಯೆಂದು ಅಜ್ಜಿಯನ್ನೋ ಮಗುವನ್ನೋ ಚಲಿಸುವ ವಾಹನದಲ್ಲಿ ಮಲಗಿಸಿಕೊಂಡು ಹೋಗುವುದು ಅಪಾಯಕರ. ಆದುದರಿಂದ ಎಷ್ಟು ಜನ ಮಲಗಬಹುದೆಂಬ ಸಂಖ್ಯೆಯ ಜೊತೆಗೆ ಬೆಲ್ಟುಳ್ಳ ಆಸನಗಳೆಷ್ಟೆಂಬುದನ್ನೂ ಕೇಳಬೇಕು. ಆರು ಜನಕ್ಕೆ ಹಾಸಿಗೆಯಿದ್ದು ನಾಲ್ವರಿಗೆ ಮಾತ್ರ ಬೆಲ್ಟಿರುವ ವಾಹನ ನಾಲ್ವರದೇ ಹೊರತು ಆರು ಜನರದಲ್ಲ.

ಬಸ್ಸಿನಿಂದ ಕಲಿಯಬೇಕಾದ ಇನ್ನೊಂದು ಪಾಠ ಘೋರವಾದದ್ದು. 2025ರ ಅಕ್ಟೋಬರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಶಯನ ಬಸ್ಸೊಂದು ಕರ್ನೂಲಿನ ಬಳಿ ಹೊತ್ತಿ ಉರಿದು ನಿದ್ರಿಸುತ್ತಿದ್ದ ಅನೇಕರು ಪ್ರಾಣ ಕಳೆದುಕೊಂಡರು. ಮಲಗಿದವನಿಗೂ ಬಾಗಿಲಿಗೂ ನಡುವೆ ಏನಿದೆಯೆಂಬುದು ಶಯನವ್ಯವಸ್ಥೆಯ ಮೊದಲ ಪ್ರಶ್ನೆ. ವಸತಿವಾಹನದಲ್ಲಿ ಬಾಗಿಲ ಬಳಿಯಲ್ಲಿ ಒಲೆಯೂ ಹಿಂಬದಿಯಲ್ಲಿ ಮಂಚವೂ ಇರುವುದು ವಾಡಿಕೆ; ಬೆಂಕಿ ಹುಟ್ಟಬಹುದಾದ ಸ್ಥಳ ಹಾಗೆ ಹೊರದಾರಿಯ ಮೇಲೆಯೇ ಬಂದು ಕೂರುತ್ತದೆ. ಹಿಂಬಾಗಿಲನ್ನು ಒಳಗಿನಿಂದ, ಕತ್ತಲಲ್ಲಿ, ಒಂದೇ ಕೈಯಿಂದ ತೆರೆಯುವಂತಿರಬೇಕು. ಪರಿವರ್ತನೆಯ ಕೆಲಸದಲ್ಲಿ ಆ ಬಾಗಿಲಿನ ಒಳಹಿಡಿಯನ್ನು ಹಲಗೆಯಿಂದ ಮುಚ್ಚಿಬಿಡುವ ಬಡಗಿಗಳೂ ಇದ್ದಾರೆ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದ್ದು ನೆಲದ ಮಟ್ಟದಲ್ಲಿಯೇ ಶೇಖರವಾಗುತ್ತದೆ. ಸಿಲಿಂಡರಿನ ಗೂಡಿಗೆ ತಳದಲ್ಲಿಯೇ ಹೊರಕ್ಕೆ ರಂಧ್ರವಿರಬೇಕು, ತಗ್ಗಾದ ಮಂಚದವರಿಗಂತೂ ಇದು ಜೀವನ್ಮರಣದ ವಿಷಯ.

ಮಳೆ, ಬೂಷ್ಟು, ಬೇಗೆ

ಪಾಶ್ಚಾತ್ಯ ಗ್ರಂಥಗಳು ಚಳಿಯಿಂದ ರಕ್ಷಣೆಯ ವಿಚಾರವನ್ನು ವಿಸ್ತಾರವಾಗಿ ಹೇಳುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಮಳೆಯಿಲ್ಲದ ತಿಂಗಳುಗಳಲ್ಲಿಯೂ ಕಡಲಿನ ತೇವ ಗೋಡೆಗೆ ಅಂಟಿಕೊಂಡೇ ಇರುವ ಮಂಗಳೂರಿನಲ್ಲಿ ಆ ಅಧ್ಯಾಯಗಳನ್ನು ಓದಿ ಆಯ್ಕೆ ಮಾಡಿದವರು ಮೊದಲ ಆಷಾಢದಲ್ಲಿಯೇ ಹಾಸಿಗೆಯ ಕೆಳಮೈಯಲ್ಲಿ ಬೂಷ್ಟನ್ನು ಕಾಣುತ್ತಾರೆ. ಮುಚ್ಚಿದ ಕೋಣೆಯಲ್ಲಿ ಮಲಗಿದ ಇಬ್ಬರ ಉಸಿರಿನ ಆವಿ, ಬೆವರು, ಒದ್ದೆ ಕೊಡೆ, ಒಣಗದ ಟವೆಲು ಇವೆಲ್ಲದರ ತೇವವೂ ಕಡೆಗೆ ಹೋಗಿ ಸೇರುವುದು ಗಾಳಿಯಾಡದ ತಣ್ಣನೆಯ ಜಾಗಕ್ಕೆ, ಎಂದರೆ ಹಾಸಿಗೆಯ ಅಡಿಗೆ. ಬೆಂಚಿನ ಡಬ್ಬಿಯ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಸ್ಪಂಜಿನ ದಿಂಬು ಎಂಬ ಮಾರ್ಪಡುವ ಬಗೆಯ ರಚನೆಯಲ್ಲಿ ಗಾಳಿಗೆ ಎಲ್ಲಿಯೂ ಎಡೆಯಿಲ್ಲ. ಅಲ್ಲದೆ, ಪ್ರತಿದಿನ ಸಂಜೆ ದಿಂಬುಗಳನ್ನು ಜೋಡಿಸುವಾಗಲೂ ಬೆಳಿಗ್ಗೆ ಬಿಚ್ಚುವಾಗಲೂ ಚೀಲ, ಪಾತ್ರೆ, ಮಕ್ಕಳ ಸಾಮಾನುಗಳನ್ನು ತಾತ್ಕಾಲಿಕವಾಗಿ ಹೊರಗಿಡಲೇಬೇಕಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಗಿಡುವುದೆಂದರೆ ನೆನೆಸುವುದೆಂದೇ ಅರ್ಥ.

ಸ್ಥಿರವಾದ ಮಂಚವನ್ನು ಇಲ್ಲಿ ಮೇಲೆಂದು ಹೇಳುವುದಕ್ಕೆ ಇದೇ ಪ್ರಧಾನ ಕಾರಣ. ಮಂಚದ ತಳವನ್ನು ಒಂದೇ ಹಲಗೆಯಿಂದ ಮುಚ್ಚದೆ, ಹಂಚಿನ ಮಾಡಿಗೆ ರೀಪು ಹೊಡೆಯುವಂತೆ ಎರಡೆರಡು ಅಂಗುಲ ಸಂದು ಬಿಟ್ಟು ಮರದ ಪಟ್ಟಿಗಳನ್ನು ಹೊಡೆಸಿ, ಗೋಡೆಗೂ ಹಾಸಿಗೆಗೂ ನಡುವೆ ಎರಡು ಬೆರಳು ಜಾಗ ಉಳಿಸಿದರೆ ಗಾಳಿ ಕೆಳಗಿನಿಂದ ಮೇಲಕ್ಕೆ ತಾನೇ ಆಡುತ್ತದೆ. ಹಾಸಿಗೆಗೆ ರಬ್ಬರು ಲೇಪಿಸಿದ ತೆಂಗಿನ ನಾರು, ಎಂದರೆ ಕಾಯರ್, ಸ್ಪಂಜಿಗಿಂತ ಉತ್ತಮ. ಹತ್ತಿಯ ಹಾಸಿಗೆ ತೇವವನ್ನು ಕುಡಿದು ಭಾರವಾಗುತ್ತದೆ. ಬಿಸಿಲಿಗೆ ಹಾಕದೆ ಗತ್ಯಂತರವಿಲ್ಲ. ಬೇಸಗೆಯ ರಾತ್ರಿಗಳಿಗೆ ಮುಂಡುಗದ ಓಲೆಯ ಚಾಪೆಯೊಂದನ್ನು ಮೇಲೆ ಹಾಸಿಕೊಳ್ಳುವ ಹಿರಿಯರ ಕ್ರಮವನ್ನು ಇಲ್ಲಿ ಮರೆಯಬಾರದು. ಸುರುಳಿ ಸುತ್ತಿದರೆ ಅದು ಮಂಚದಡಿಯ ಒಂದು ಮೂಲೆಯಲ್ಲಿ ಅಡಗುತ್ತದೆ, ಬೆನ್ನಿಗೆ ಅದರಷ್ಟು ತಂಪನ್ನು ಯಾವ ಹೊಸ ಬಟ್ಟೆಯೂ ಕೊಡಲಾರದು.

ಮಾರ್ಚಿನಿಂದ ಮೇ ತಿಂಗಳವರೆಗಿನ ಬೇಗೆಯಲ್ಲಿ ಪ್ರಶ್ನೆ ಬೇರೆಯಾಗುತ್ತದೆ. ಪಣಂಬೂರಿನ ಬಯಲಿನಲ್ಲೋ ಸುರತ್ಕಲ್ಲಿನ ಕಡಲ ಬದಿಯಲ್ಲೋ ಇಡೀ ದಿನ ಬಿಸಿಲಿಗೆ ನಿಂತ ವಾಹನದ ತಗಡಿನ ಮಾಡು ಸೂರ್ಯ ಮುಳುಗಿದ ಮೇಲೆಯೂ ಬಹಳ ಹೊತ್ತು ಶಾಖವನ್ನು ಕೆಳಕ್ಕೆ ಬಿಡುತ್ತಿರುತ್ತದೆ. ಬಿಸಿಗಾಳಿ ಮೇಲಕ್ಕೇರುವುದೂ ಪ್ರಕೃತಿನಿಯಮವೇ. ಆದುದರಿಂದ ಮೇಲಿನ ಅಟ್ಟಣೆಯಾಗಲಿ ನೆತ್ತಿಯ ಗೂಡಾಗಲಿ ಮಡಿಕೇರಿಯ ಡಿಸೆಂಬರಿಗೆ ಎಷ್ಟು ಸುಖಕರವೋ ಉಳ್ಳಾಲದ ಏಪ್ರಿಲಿಗೆ ಅಷ್ಟೇ ದುಸ್ಸಹ. ಹವಾನಿಯಂತ್ರಣ ಯಂತ್ರವಿದೆಯಲ್ಲಾ ಎನ್ನುವವರು ಒಂದು ಸಣ್ಣ ಲೆಕ್ಕವನ್ನು ಮಾಡಬೇಕು: 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯೊಂದರಲ್ಲಿರುವ ಒಟ್ಟು ಶಕ್ತಿ 1.8 ಯೂನಿಟ್ಟು; ಒಂದು ಟನ್ನಿನ ಯಂತ್ರ ಗಂಟೆಗೆ ಸುಮಾರು ಒಂದು ಯೂನಿಟ್ಟನ್ನು ಬಯಸುತ್ತದೆ. ಹೊರಗಿನಿಂದ ವಿದ್ಯುತ್ ದೊರೆಯದ ಕಡೆ ಅದು ಎರಡು ಗಂಟೆಗೂ ಬಾರದು, ರಾತ್ರಿಯಾದರೋ ಎಂಟು ಗಂಟೆಯದು. ತಲೆಯ ಬಳಿಯೊಂದು, ಕಾಲಿನ ಬಳಿಯೊಂದು ಕಿಟಕಿ ಎದುರುಬದುರಾಗಿದ್ದು ನಡುವೆ 12 ವೋಲ್ಟಿನ ಫ್ಯಾನೊಂದಿದ್ದರೆ ಅದೇ ಬ್ಯಾಟರಿ ಹಲವು ರಾತ್ರಿ ಬಾಳುತ್ತದೆ.

ಕಿಟಕಿ ತೆರೆದರೆ ಸೊಳ್ಳೆ. ಮಲೇರಿಯಾದ ಕಾರಣದಿಂದ 1990ರ ದಶಕದಿಂದೀಚೆಗೆ ಕುಖ್ಯಾತಿ ಪಡೆದ ನಗರವಿದು. ಇಲ್ಲಿ ಸೊಳ್ಳೆಪರದೆಯನ್ನು ಶಯನವ್ಯವಸ್ಥೆಯ ಅಂಗವೆಂದೇ ಭಾವಿಸಬೇಕು. ಸ್ಥಿರವಾದ ಮಂಚಕ್ಕೆ ಮಾಡಿನಲ್ಲಿ ನಾಲ್ಕು ಕೊಂಡಿಗಳನ್ನು ಹಾಕಿಸಿದರೆ ಪರದೆಯನ್ನು ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಬಹುದು. ಬೆಂಚಿನಿಂದಾದ ಶಯ್ಯೆಗೆ ಅಂಚೇ ಸರಿಯಾಗಿ ಇರುವುದಿಲ್ಲ. ಅಲ್ಲಿ ಕಿಟಕಿ, ಬಾಗಿಲು, ಮಾಡಿನ ಕಿಂಡಿ ಎಲ್ಲಕ್ಕೂ ಜಾಲರಿ ಹೊಡೆಸಿ, ಬಾಗಿಲನ್ನು ತೆರೆಯುವ ಮಗುವಿನ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ.

ಕುಟುಂಬದ ಸ್ವರೂಪ

ಇಬ್ಬರೇ ತಿರುಗುವವರಿಗೆ ಆಯ್ಕೆ ಸುಲಭ: ಉದ್ದಕ್ಕೆ ಹಾಸಿದ ಎರಡು ಒಂಟಿಮಂಚಗಳು, ನಡುವಣ ಓಣಿಗೆ ಬೇಕೆಂದಾಗ ಎಳೆದು ಸೇರಿಸಬಹುದಾದ ಹಲಗೆ. ಹಗಲು ಅವೇ ಎದುರುಬದುರಾದ ದಿವಾನಗಳಾಗುತ್ತವೆ. ಏನನ್ನೂ ಬಿಚ್ಚಬೇಕಾಗಿಲ್ಲ, ಏನನ್ನೂ ಜೋಡಿಸಬೇಕಾಗಿಲ್ಲ. ಹಗಲು-ರಾತ್ರಿಗಳ ವ್ಯಾಜ್ಯದಲ್ಲಿ ಉಭಯಪಕ್ಷಗಳಿಗೂ ಕನಿಷ್ಠ ನಷ್ಟವಾಗುವ ರಾಜಿ ಇದೊಂದೇ ಎಂದು ಈ ಲೇಖಕನ ಅಭಿಪ್ರಾಯ. ಅಜ್ಜ, ಅಜ್ಜಿ, ಗಂಡ, ಹೆಂಡತಿ, ಎರಡು ಮಕ್ಕಳು ಎಂಬಂತಹ ಕುಟುಂಬ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲುಗಳಿಗೆ ಹೊರಟಾಗ ಮಾತ್ರ ಸಮಸ್ಯೆ ಜಟಿಲವಾಗುತ್ತದೆ. ಹಿರಿಯರ ಮಂಚ ನೆಲದಿಂದ ಒಂದೂವರೆ ಅಡಿಗಿಂತ ಎತ್ತರವಿರಕೂಡದು. ಕುಳಿತಾಗ ಅವರ ಪಾದ ನೆಲಕ್ಕೆ ಊರಬೇಕು. ಮಾವನೂ ಸೊಸೆಯೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾದ ಸಂಕೋಚವನ್ನು ವಿದೇಶದ ನಕ್ಷೆಗಳು ಗಣನೆಗೆ ತಂದುಕೊಂಡಿಲ್ಲ. ದಪ್ಪ ಪರದೆಯೊಂದು ಅಡ್ಡ ಬಾರದ ಹೊರತು ಅಂತಹ ವಾಹನದಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಆರು ಮಂದಿಗೆ ಹಾಸಿಗೆ ಕಲ್ಪಿಸುವುದಕ್ಕಿಂತ, ಮೂವರು ವಾಹನದಲ್ಲಿಯೂ ಮೂವರು ಕ್ಷೇತ್ರದ ವಸತಿಗೃಹದಲ್ಲಿಯೂ ಮಲಗುವುದು ನಮ್ಮ ಸೀಮೆಯಲ್ಲಿ ಯಾವ ರೀತಿಯಿಂದಲೂ ಕುಂದಲ್ಲ.

ಇದೇ ನ್ಯಾಯವನ್ನು ಸ್ನಾನದ ಕೋಣೆಗೂ ಅನ್ವಯಿಸಬಹುದು. ಹಿಂದೆ ಹೇಳಿದ ನಾಲ್ಕು ಮೀಟರಿನ ಕೋಣೆಯಲ್ಲಿ ಉದ್ದಮಂಚಗಳಿಗೆ 1.9, ಸ್ನಾನಶೌಚಗಳ ಕೋಣೆಗೆ 0.9 ಮೀಟರು ಹೋದರೆ ಅಡುಗೆಗೂ ಬಾಗಿಲಿಗೂ ಉಳಿಯುವುದು 1.2 ಮೀಟರು ಮಾತ್ರ. ತೀರ್ಥಕ್ಷೇತ್ರಗಳೂ ವಸತಿಗೃಹಗಳೂ ಹೋಟೆಲುಗಳೂ ಅಡಿಗಡಿಗೆ ಇರುವ ಜಿಲ್ಲೆಯಲ್ಲಿ ಪೂರ್ಣ ಸ್ನಾನಗೃಹ ಅನಾವಶ್ಯಕ ವೈಭವ. ಆದರೆ ಸ್ತ್ರೀಯರೂ ವೃದ್ಧರೂ ಇರುವ ತಂಡಕ್ಕೆ ರಾತ್ರಿಯ ಹೊತ್ತು ಒಳಗೇ ಶೌಚದ ಅನುಕೂಲವಿಲ್ಲದಿದ್ದರೆ ಆಗದು. ಮಂಚದಡಿಗೆ ಸರಿಸಬಹುದಾದ ಚಿಕ್ಕ ಶೌಚಪೆಟ್ಟಿಗೆಯೂ ಸುತ್ತ ಎಳೆಯುವ ಪರದೆಯೂ ಇದ್ದರೆ ಸಾಕಾದೀತು. ಅಡುಗೆಯ ವಿಷಯವಾಗಿ ಹೆಚ್ಚು ಬರೆಯುವ ಅಗತ್ಯವಿಲ್ಲ: ಚಹಾ, ಗಂಜಿ, ಮಗುವಿನ ಹಾಲು ಇಷ್ಟಕ್ಕೆ ಒಂದು ಒಲೆ ಸಾಕು. ಮೀನು ಹುರಿಯುವ ಉತ್ಸಾಹವುಳ್ಳವರು ಹೊರಗೇ ಹುರಿಯತಕ್ಕದ್ದು. ವಾಸನೆ ಹಾಸಿಗೆಗೆ ಹತ್ತಿದರೆ ಮುಂದಿನ ವಾರವೂ ಬಿಡದು.

ನಿಲ್ಲಿಸುವ ನೆಲ

ಮಂಚದ ದಿಕ್ಕಿಗೂ ನೆಲದ ಇಳಿಜಾರಿಗೂ ಇರುವ ಸಂಬಂಧವನ್ನು ಮಂಗಳೂರಿನಂತಹ ಗುಡ್ಡಗಳ ಊರಿನಲ್ಲಿ ಕಡೆಗಣಿಸಲಾಗದು. ಕದ್ರಿ, ಬೆಂದೂರು, ಬಿಕರ್ನಕಟ್ಟೆಗಳ ಏರುಗಳಿರಲಿ, ಊರ ಹೊರಗಿನ ಮುರಕಲ್ಲಿನ ಬಯಲುಗಳು ಕೂಡ ನೋಡಲು ಸಮತಟ್ಟಾಗಿದ್ದರೂ ಮಳೆನೀರು ಹರಿದ ಕಡೆಗೆ ಓರೆಯಾಗಿರುತ್ತವೆ. ತಲೆ ಕಾಲಿಗಿಂತ ತಗ್ಗಾದರೆ ನಿದ್ದೆ ಬಾರದು, ಬಂದರೂ ಬೆಳಿಗ್ಗೆ ತಲೆನೋವು. ಉದ್ದಮಂಚವುಳ್ಳ ವಾಹನದಲ್ಲಿ ಇದಕ್ಕೆ ಪರಿಹಾರ ಸುಲಭ: ತಲೆದಿಂಬನ್ನು ಏರಿನ ಕಡೆಗೆ ಬದಲಿಸಿದರಾಯಿತು; ಅದಕ್ಕಾಗಿ ದೀಪ, ಚಾರ್ಜು ಮಾಡುವ ಪಿನ್ನು, ಕಿಟಕಿ ಇವು ಮಂಚದ ಎರಡು ತುದಿಗಳಲ್ಲಿಯೂ ಇರಬೇಕು. ಅಡ್ಡಮಂಚದವನು ಪಕ್ಕದ ಚಕ್ರಗಳಡಿಗೆ ಮರದ ಬೆಣೆಗಳನ್ನು ಇಟ್ಟು ವಾಹನವನ್ನೇ ಎತ್ತಬೇಕಾಗುತ್ತದೆ.

ಎತ್ತರವೂ ಗಮನಿಸಬೇಕಾದ ವಿಷಯ. ನೆತ್ತಿಯ ಗೂಡುಳ್ಳ ವಾಹನಗಳು ಹತ್ತಡಿಯ ಆಸುಪಾಸಿಗೆ ಏರುವುದರಿಂದ, ಪಡೀಲಿನಂತಹ ರೈಲ್ವೆ ಕೆಳಸೇತುವೆಗಳ ಬಳಿಯಲ್ಲಿಯೂ, ಅಡಿಕೆ ತೋಟಗಳ ನಡುವಣ ಊರದಾರಿಗಳಲ್ಲಿ ಬಾಗಿದ ಹಲಸು, ಮಾವುಗಳ ಕೊಂಬೆಗಳ ಕೆಳಗೂ ಚಾಲಕ ನಿಂತು ನೋಡಿ ಮುಂದುವರಿಯಬೇಕಾಗುತ್ತದೆ. 2018ರ ಆಗಸ್ಟಿನ ಮಳೆಯಲ್ಲಿ ಆದಂತೆ ಶಿರಾಡಿಯೂ ಸಂಪಾಜೆಯೂ ಕುಸಿದು ಮುಚ್ಚಿದಾಗ ಚಾರ್ಮಾಡಿಯ ಕಡಿದಾದ ತಿರುವುಗಳೇ ಗತಿಯಾಗಬಹುದು. ಹಿಂಬದಿಯ ಚಕ್ರದ ಆಚೆಗೆ ಬಹುದೂರ ಚಾಚಿದ, ಆ ಚಾಚಿನಲ್ಲಿ ಜೋಡಿಮಂಚವನ್ನೂ ಅದರಡಿಯಲ್ಲಿ ನೂರು ಲೀಟರು ನೀರಿನ ತೊಟ್ಟಿಯನ್ನೂ ಹೊತ್ತ ವಾಹನ ಅಲ್ಲಿ ಹಿಂಬದಿ ಜಗ್ಗಿ ಮುಂಚಕ್ರದ ಹಿಡಿತವನ್ನು ಕಳೆದುಕೊಳ್ಳುತ್ತದೆ. ನೂರು ಲೀಟರೆಂದರೆ ನೂರು ಕಿಲೋ. ತೊಟ್ಟಿಯನ್ನು ಎರಡು ಅಚ್ಚುಗಳ ನಡುವೆ, ಓಣಿಯ ನೆಲದಡಿಯಲ್ಲಿ ಹಾಕಿಸಿ, ಘಟ್ಟ ಏರುವ ಮುನ್ನ ಅರ್ಧಕ್ಕಿಂತ ಹೆಚ್ಚು ತುಂಬಿಸದೆ, ಮೇಲೆ ತಲುಪಿದ ತರುವಾಯ ಸಕಲೇಶಪುರದಲ್ಲೋ ಕೊಟ್ಟಿಗೆಹಾರದಲ್ಲೋ ಉಳಿದುದನ್ನು ತುಂಬಿಸಿಕೊಳ್ಳುವುದು ವಿಹಿತ.